ಪೋಸ್ಟ್‌ಗ್ರೆಸ್ ಡೇಟಾಬೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು, ಆಪ್ ಬರೆಯುತ್ತಿದ್ದಂತೆ ಡೇಟಾಬೇಸ್ ನೋಡಿಕೊಳ್ಳುವ ಹೊಣೆಯೂ ಹೆಗಲಿಗೆ ಬಿದ್ದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಉತ್ತರಗಳೆಲ್ಲ ಪೋಸ್ಟ್‌ಗ್ರೆಸ್‌ಕ್ಯುಎಲ್, ಅಂದರೆ ಎಲ್ಲರೂ ಚಿಕ್ಕದಾಗಿ ಪೋಸ್ಟ್‌ಗ್ರೆಸ್ ಎನ್ನುವ ಡೇಟಾಬೇಸಿನ ಕುರಿತು. ಇದರ ಸೆಟ್ಟಿಂಗ್‌ಗಳೇ ಮುನ್ನೂರಕ್ಕೂ ಹೆಚ್ಚಿವೆ. ಅವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇದನ್ನು ಕಟ್ಟಿದವರು ತೆಗೆದುಕೊಂಡ ಎರಡು ತೀರ್ಮಾನಗಳು ಮನಸ್ಸಿನಲ್ಲಿ ಕೂತರೆ ಸಾಕು. ಒಂದು, ಯಾವುದೇ ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆಯುವುದು. ಎರಡು, ಹಳೆಯ ಸಾಲಿನ ಮೇಲೆ ಹೊಸದನ್ನು ತಿದ್ದಿ ಬರೆಯದಿರುವುದು. ಮುಂದಿನ ಬಹುಪಾಲು ಉತ್ತರಗಳು ಇವೆರಡರಿಂದಲೇ ಹುಟ್ಟುತ್ತವೆ.

## ಆರಂಭ

ನಮ್ಮ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ ಚೆನ್ನಾಗಿಯೇ ನಡೆಯುತ್ತಿದೆ. ಡೇಟಾಬೇಸ್ ಏಕೆ ಬೇಕು?

ಒಬ್ಬರೇ ಬರೆದು ಒಬ್ಬರೇ ಓದುವ ಲೆಕ್ಕವಾದರೆ ಬೇಕಾಗಿಲ್ಲ, ಎಕ್ಸೆಲ್ ಸಾಕು. ರಾತ್ರಿ ಬಸ್ಸಿನ ಒಂದೇ ಸೀಟನ್ನು ಒಂದೇ ಕ್ಷಣದಲ್ಲಿ ಹುಬ್ಬಳ್ಳಿಯಿಂದ ಒಬ್ಬರು, ಮಂಗಳೂರಿನಿಂದ ಇನ್ನೊಬ್ಬರು ಕೇಳಿದಾಗ ತೊಡಕು ಶುರುವಾಗುತ್ತದೆ. ಬಸ್ಸು, ದಿನಾಂಕ, ಸೀಟು ಈ ಮೂರೂ ಸೇರಿ ಒಮ್ಮೆ ಮಾತ್ರ ಬರಬೇಕು ಎಂದು ಡೇಟಾಬೇಸಿಗೆ ಒಮ್ಮೆ ಹೇಳಿಟ್ಟರೆ, ಯಾರ ಆಪ್‌ನಲ್ಲಿ ಏನೇ ದೋಷವಿದ್ದರೂ ಎರಡನೆಯ ಟಿಕೆಟ್ ದಾಖಲಾಗುವುದಿಲ್ಲ. ಇಲ್ಲದ ಗ್ರಾಹಕನ ಹೆಸರಿಗೆ ಬಿಲ್ ಆಗದಂತೆ ತಡೆಯುವುದು ಫಾರಿನ್ ಕೀ. ನಿಯಮಗಳು ದತ್ತಾಂಶದ ಪಕ್ಕದಲ್ಲೇ ಕುಳಿತಿರುವುದು ಡೇಟಾಬೇಸಿನ ದೊಡ್ಡ ಬಲ.

ಇನ್ನೊಂದು ಬಲವನ್ನು ಕೊಟ್ಟದ್ದು ಐಬಿಎಂನಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ. ಅದಕ್ಕೆ ಮುಂಚೆ, ದತ್ತಾಂಶ ಎಲ್ಲಿದೆ, ಯಾವ ಕೊಂಡಿ ಹಿಡಿದು ಅಲ್ಲಿಗೆ ಹೋಗಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವವರೇ ತಿಳಿದಿರಬೇಕಿತ್ತು. ಟೇಬಲ್‌ಗಳ ರೂಪದಲ್ಲಿ ಇಟ್ಟು, ‘ಏನು ಬೇಕು’ ಎಂದಷ್ಟೇ ಕೇಳಿದರೆ ‘ಹೇಗೆ ತರಬೇಕು’ ಎಂಬುದನ್ನು ವ್ಯವಸ್ಥೆಯೇ ನಿರ್ಧರಿಸಬಹುದು ಎಂದು ಕಾಡ್ ತೋರಿಸಿದರು. ಐದು ದಶಕ ಕಳೆದರೂ ಈ ವಿಚಾರ ಸವೆದಿಲ್ಲ.

ಪೋಸ್ಟ್‌ಗ್ರೆಸ್ ಯಾವ ಕಂಪನಿಯದು? ಮುಂದೆ ದುಡ್ಡು ಕೇಳಿದರೆ?

ಯಾವ ಕಂಪನಿಯದೂ ಅಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮೊದಲು ಇಂಗ್ರೆಸ್ ಕಟ್ಟಿದರು. ಅದರ ಮುಂದುವರಿಕೆಯಾಗಿ 1986ರಲ್ಲಿ ಪೋಸ್ಟ್‌ಗ್ರೆಸ್ ಯೋಜನೆ ಶುರುವಾಯಿತು. ಅದಕ್ಕೆ ಎಸ್‌ಕ್ಯುಎಲ್ (ಡೇಟಾಬೇಸನ್ನು ಪ್ರಶ್ನಿಸುವ ಭಾಷೆ) ಸೇರಿಸಿದವರು ಅಲ್ಲಿಯ ವಿದ್ಯಾರ್ಥಿಗಳಾಗಿದ್ದ ಆಂಡ್ರ್ಯೂ ಯೂ ಮತ್ತು ಜಾಲಿ ಚೆನ್. 1996ರಲ್ಲಿ ಈಗಿನ ಹೆಸರು ಬಂತು. ಅಂದಿನಿಂದ ಹಲವು ದೇಶಗಳ ಸ್ವಯಂಸೇವಕರೂ ಹಲವು ಕಂಪನಿಗಳ ನೌಕರರೂ ಸೇರಿ ಬೆಳೆಸುತ್ತಿದ್ದಾರೆ. ಪರವಾನಗಿ ಬಹಳ ಉದಾರವಾದದ್ದು: ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ನೀವು ದುಡ್ಡು ಕೊಡುವುದೇನಿದ್ದರೂ ಕ್ಲೌಡ್ ಬಾಡಿಗೆಗೆ ಅಥವಾ ನೆರವು ನೀಡುವವರಿಗೆ.

ಹೆಸರು, ವಿಳಾಸಗಳನ್ನು ಕನ್ನಡದಲ್ಲಿಯೇ ಇಡಬಹುದೆ? ಏನಾದರೂ ತೊಂದರೆ ಇದೆಯೆ?

ಧಾರಾಳವಾಗಿ ಇಡಿ. ಡೇಟಾಬೇಸಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಯುಟಿಎಫ್-8 ಆಗಿರಲಿ. ಆದರೆ ಮೂರು ಸಂಗತಿ ಗೊತ್ತಿರಬೇಕು.

ಮೊದಲನೆಯದು ಉದ್ದ. ‘ಕನ್ನಡ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಲೆಂಗ್ತ್ ಎಂಬ ಫಂಕ್ಷನ್ 5 ಎನ್ನುತ್ತದೆ, ಏಕೆಂದರೆ ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ ಎಂದು ಯೂನಿಕೋಡ್ ಐದು ಸಂಕೇತಗಳನ್ನು ಎಣಿಸುತ್ತದೆ. ಡಿಸ್ಕ್‌ನಲ್ಲಿ ಅದು 15 ಬೈಟ್. ‘ಶ್ರೀನಿವಾಸ’ ಎಂಬ ಹೆಸರು ಒಂಬತ್ತು ಸಂಕೇತ ತಿನ್ನುತ್ತದೆ. ಇಂಗ್ಲಿಷ್ ಹೆಸರುಗಳನ್ನು ನೋಡಿ 20ರ ಮಿತಿ ಹಾಕಿದ ಕಾಲಮ್‌ನಲ್ಲಿ ನಮ್ಮ ಊರಿನ ಹೆಸರುಗಳು ಹಿಡಿಸುವುದಿಲ್ಲ. ಮಿತಿಯ ಅಗತ್ಯವಿಲ್ಲದ ಕಡೆ ಟೆಕ್ಸ್ಟ್ ಎಂಬ ಬಗೆಯನ್ನೇ ಬಳಸಿ. ಪೋಸ್ಟ್‌ಗ್ರೆಸ್‌ನಲ್ಲಿ ಅದರಿಂದ ವೇಗವೇನೂ ಕುಗ್ಗುವುದಿಲ್ಲ.

ಎರಡನೆಯದು ಹೆಚ್ಚು ಕಾಡುತ್ತದೆ. ‘ಶ್ರೀ’ಯ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಎರಡೂ ಬೇರೆ. ಹಳೆಯ ‘ನುಡಿ’ ತಂತ್ರಾಂಶದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ತಂದ ದತ್ತಾಂಶದಲ್ಲಿ ಇದನ್ನು ಮೊದಲು ಹುಡುಕಿ. ಕಣ್ಣೆದುರೇ ಇರುವ ಹೆಸರು ಹುಡುಕಿದರೆ ಸಿಗುವುದಿಲ್ಲ. 13ನೆಯ ಆವೃತ್ತಿಯಿಂದ ನಾರ್ಮಲೈಜ್ ಎಂಬ ಫಂಕ್ಷನ್ ಇದೆ. ಸೇರಿಸುವ ಹೊತ್ತಿನಲ್ಲಿಯೇ ಅದರ ಮೂಲಕ ಹಾಯಿಸಿ. ‘ರ‍್ಯ’ದಂಥ ಕಡೆ ನುಸುಳುವ ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನು ಅದು ತೆಗೆಯುವುದಿಲ್ಲ, ಅವನ್ನು ನೀವೇ ನೋಡಿಕೊಳ್ಳಬೇಕು.

ಮೂರನೆಯದು ಅಕಾರಾದಿ ಕ್ರಮ. ಅದನ್ನು ನಿರ್ಧರಿಸುವುದು ಕೊಲೇಶನ್. ಅದು ಆಪರೇಟಿಂಗ್ ಸಿಸ್ಟಮ್‌ನ ಗ್ರಂಥಾಲಯದಿಂದ ಬರುತ್ತಿದ್ದರೆ, ಸಿಸ್ಟಮ್ ಅಪ್‌ಗ್ರೇಡ್ ಆದಾಗ ಕ್ರಮವೇ ಬದಲಾಗಬಹುದು. 2018ರಲ್ಲಿ ಲಿನಕ್ಸ್‌ನ ಜಿಲಿಬ್‌ಸಿ ಗ್ರಂಥಾಲಯದ 2.28 ಆವೃತ್ತಿ ಬಂದಾಗ ಹೀಗೆಯೇ ಆಯಿತು. ಹಳೆಯ ಕ್ರಮದಲ್ಲಿ ಕಟ್ಟಿದ್ದ ಇಂಡೆಕ್ಸ್‌ಗಳು (ಸಾಲುಗಳನ್ನು ಬೇಗ ಹುಡುಕಲು ಕಟ್ಟುವ ಸೂಚಿಗಳು) ತಪ್ಪು ಉತ್ತರ ಕೊಡುವ ಸ್ಥಿತಿಗೆ ಬಂದವು. ಇಂಥ ಅಪ್‌ಗ್ರೇಡ್ ಆದ ಮೇಲೆ ಅಕ್ಷರಗಳ ಕಾಲಮ್‌ಗಳ ಮೇಲಿರುವ ಇಂಡೆಕ್ಸ್‌ಗಳನ್ನು ಮರಳಿ ಕಟ್ಟಲೇಬೇಕು.

## ಒಳಗಿನ ಕೆಲಸ

ಸರ್ವರ್ ಶುರು ಮಾಡಿದ ತಕ್ಷಣ ಇಷ್ಟೊಂದು ಪ್ರೊಸೆಸ್‌ಗಳು ಕಾಣುತ್ತವೆ. ಇವೆಲ್ಲ ಏನು?

ಬಾಗಿಲಲ್ಲಿ ಕುಳಿತಿರುವುದು ಪೋಸ್ಟ್‌ಮಾಸ್ಟರ್. 5432ನೆಯ ಪೋರ್ಟಿಗೆ ಯಾರಾದರೂ ಬಂದರೆ ಅವರಿಗೊಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಉಳಿದವು ಮನೆವಾರ್ತೆಯವು: ಲಾಗ್ ಬರೆಯುವುದೊಂದು, ಬದಲಾದ ಪುಟಗಳನ್ನು ಡಿಸ್ಕ್‌ಗೆ ಇಳಿಸುವ ಚೆಕ್‌ಪಾಯಿಂಟರ್ ಒಂದು, ಸತ್ತ, ಅಂದರೆ ಇನ್ನು ಯಾರಿಗೂ ಬೇಡವಾದ, ಸಾಲುಗಳನ್ನು ಗುಡಿಸುವ ಆಟೊವ್ಯಾಕ್ಯೂಮ್ ಒಂದು. ಎಲ್ಲವೂ ಹಂಚಿಕೊಳ್ಳುವ ಮೆಮೊರಿಗೆ ಶೇರ್ಡ್ ಬಫರ್ಸ್ ಎನ್ನುತ್ತಾರೆ. ಟೇಬಲ್‌ಗಳು 8 ಕೆಬಿ ಗಾತ್ರದ ಪುಟಗಳಾಗಿ ಡಿಸ್ಕ್‌ನಲ್ಲಿರುತ್ತವೆ. ಓದಬೇಕಾದರೂ ಬರೆಯಬೇಕಾದರೂ ಆ ಪುಟ ಮೊದಲು ಈ ಮೆಮೊರಿಗೆ ಬರಬೇಕು. ಇದರ ಆರಂಭಿಕ ಗಾತ್ರ 128 ಎಂಬಿ ಮಾತ್ರ. ಡೇಟಾಬೇಸಿಗೆಂದೇ ಮೀಸಲಾದ ಯಂತ್ರವಾದರೆ ಒಟ್ಟು ಮೆಮೊರಿಯ ಕಾಲುಭಾಗದಿಂದ ಶುರು ಮಾಡುವುದು ರೂಢಿ.

ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವ ಆದೇಶ) ಆದ ಮರುಕ್ಷಣವೇ ಕರೆಂಟ್ ಹೋದರೆ ನನ್ನ ದತ್ತಾಂಶ ಉಳಿಯುತ್ತದೆಯೆ?

ಉಳಿಯುತ್ತದೆ. ಇಡೀ ವ್ಯವಸ್ಥೆಯ ಮರ್ಯಾದೆ ನಿಂತಿರುವುದೇ ಈ ಮಾತಿನ ಮೇಲೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯ ಮಂಡಿ ಅಂಗಡಿಗಳಲ್ಲಿ ವ್ಯಾಪಾರ ನಡೆದ ಹಾಗೆ ಹಾಗೆಯೇ ಕಿರ್ದಿಯಲ್ಲಿ ಬರೆದುಕೊಂಡು, ಬಿಡುವಾದಾಗ ಅವರವರ ಖಾತೆಗೆ ಏರಿಸುತ್ತಿದ್ದರು. ಖಾತೆಯ ಪುಟ ಹಾಳಾದರೂ ಕಿರ್ದಿಯಿಂದ ಮತ್ತೆ ಕಟ್ಟಿಕೊಳ್ಳಬಹುದಿತ್ತು. ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ನೀವು ಒಂದು ಸಾಲು ಬದಲಿಸಿದಾಗ ಮೆಮೊರಿಯಲ್ಲಿರುವ ಪುಟ ಬದಲಾಗುತ್ತದೆ, ಜೊತೆಗೆ ‘ಇಂಥ ಪುಟದ ಇಂಥ ಜಾಗದಲ್ಲಿ ಇಂಥ ಬದಲಾವಣೆ’ ಎಂಬ ದಾಖಲೆ ವಾಲ್ ಎಂಬ ಲಾಗ್‌ಗೆ ಸೇರುತ್ತದೆ. ಕಮಿಟ್ ಎಂದಾಗ ಆ ಲಾಗ್ ಡಿಸ್ಕ್‌ಗೆ ಮುಟ್ಟುವವರೆಗೂ ನಿಮಗೆ ‘ಆಯಿತು’ ಎಂಬ ಉತ್ತರ ಬರುವುದಿಲ್ಲ. ಟೇಬಲ್‌ನ ಪುಟ ಮಾತ್ರ ಆಗಲೂ ಮೆಮೊರಿಯಲ್ಲೇ ಇರಬಹುದು. ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಕೊನೆಯ ಚೆಕ್‌ಪಾಯಿಂಟ್‌ನಿಂದ ಮುಂದಿನ ಲಾಗ್ ಓದುತ್ತಾ ಪ್ರತಿಯೊಂದು ಬದಲಾವಣೆಯನ್ನೂ ಮತ್ತೆ ಮಾಡುತ್ತದೆ.

ಎಲ್ಲ ಪುಟಗಳನ್ನೂ ಕೂಡಲೇ ಬರೆಯುವ ಬದಲು ಲಾಗ್ ಏಕೆ? ಲಾಗ್ ಒಂದರ ಹಿಂದೊಂದು ಸಾಲಾಗಿ ಬೆಳೆಯುತ್ತದೆ. ಡಿಸ್ಕ್‌ಗೆ ಅದು ಸಲೀಸು. ಚದುರಿಬಿದ್ದ ನೂರು ಪುಟಗಳನ್ನು ಬರೆಯುವುದು ಸಲೀಸಲ್ಲ. ಆ ಭಾರವನ್ನು ಚೆಕ್‌ಪಾಯಿಂಟ್‌ಗೆ ಬಿಡಲಾಗಿದೆ. ಆರಂಭಿಕ ಸೆಟ್ಟಿಂಗ್‌ನಲ್ಲಿ ಅದು 5 ನಿಮಿಷಕ್ಕೊಮ್ಮೆ, ಅಥವಾ ಅದಕ್ಕೂ ಮೊದಲೇ ಲಾಗ್ ತುಂಬಾ ಬೆಳೆದರೆ ಆಗ, ನಡೆಯುತ್ತದೆ. 8 ಕೆಬಿ ಪುಟ ಅರ್ಧ ಬರೆದಾಗಲೇ ಯಂತ್ರ ನಿಂತರೂ ಕೈಬಿಡದಂತೆ, ಚೆಕ್‌ಪಾಯಿಂಟ್ ಆದ ಮೇಲೆ ಪುಟ ಮೊದಲ ಬಾರಿ ಬದಲಾದಾಗ ಇಡೀ ಪುಟವನ್ನೇ ಲಾಗ್‌ಗೆ ಹಾಕಲಾಗುತ್ತದೆ.

ವೇಗದ ಆಸೆಗೆ ಎಫ್‌ಸಿಂಕ್ (ಬರೆದದ್ದು ಡಿಸ್ಕ್‌ಗೆ ಮುಟ್ಟಿತೆಂದು ಖಚಿತಪಡಿಸುವ ಸೆಟ್ಟಿಂಗ್) ಆಫ್ ಮಾಡಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ. ದಯವಿಟ್ಟು ಮಾಡಬೇಡಿ. ಕರೆಂಟ್ ಹೋದರೆ ಡೇಟಾಬೇಸ್ ಪೂರ್ತಿ ಕೆಟ್ಟುಹೋಗಬಹುದು. ಕೊನೆಯ ಕ್ಷಣದ ಕೆಲವು ದಾಖಲೆ ಹೋದರೂ ಪರವಾಗಿಲ್ಲ ಎನ್ನುವಂಥ ದತ್ತಾಂಶವಾದರೆ ಸಿಂಕ್ರನಸ್ ಕಮಿಟ್ (ಲಾಗ್ ಡಿಸ್ಕ್‌ಗೆ ಮುಟ್ಟುವವರೆಗೆ ಕಮಿಟ್ ಕಾಯುವಂತೆ ಮಾಡುವ ಸೆಟ್ಟಿಂಗ್) ಆಫ್ ಮಾಡಬಹುದು. ಅದರಲ್ಲಿ ಕಳೆದುಹೋಗುವುದು ಒಂದು ಸೆಕೆಂಡಿಗೂ ಕಡಿಮೆ ಅವಧಿಯ ಕಮಿಟ್‌ಗಳು. ಉಳಿದ ದತ್ತಾಂಶ ಕೆಡುವುದಿಲ್ಲ. ಒಂದು ಕ್ಷಣದ ನಷ್ಟಕ್ಕೂ ಸರ್ವನಾಶಕ್ಕೂ ಇರುವಷ್ಟು ಅಂತರ ಈ ಎರಡು ಸೆಟ್ಟಿಂಗ್‌ಗಳ ನಡುವೆ ಇದೆ.

ನಾನು ಒಂದು ಸಾಲನ್ನು ಬದಲಿಸುತ್ತಿರುವಾಗಲೇ ಬೇರೆಯವರು ಅದನ್ನು ಓದಿದರೆ ಅವರಿಗೇನು ಕಾಣುತ್ತದೆ?

ನೀವು ಕಮಿಟ್ ಮಾಡುವವರೆಗೆ ಹಳೆಯದೇ ಕಾಣುತ್ತದೆ. ಅವರು ಕಾಯಬೇಕಾಗಿಯೂ ಇಲ್ಲ. ಅಪ್‌ಡೇಟ್ ಎಂದರೆ ಪೋಸ್ಟ್‌ಗ್ರೆಸ್ ಹಳೆಯ ಸಾಲನ್ನು ತಿದ್ದುವುದಿಲ್ಲ, ಪಕ್ಕದಲ್ಲಿ ಹೊಸ ಆವೃತ್ತಿ ಬರೆಯುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಪ್ರತಿ ಟೇಬಲ್‌ನಲ್ಲಿಯೂ ನೀವು ಕೇಳಿದರೆ ಮಾತ್ರ ಕಾಣುವ ಕಾಲಮ್‌ಗಳಿವೆ. ಎಕ್ಸ್‌ಮಿನ್ ಎಂಬುದು ಆ ಆವೃತ್ತಿಯನ್ನು ಹುಟ್ಟಿಸಿದ ಟ್ರಾನ್ಸಾಕ್ಷನ್‌ನ (ಎಲ್ಲವೂ ಒಟ್ಟಿಗೆ ಆಗುವ, ಇಲ್ಲವೆ ಒಟ್ಟಿಗೆ ರದ್ದಾಗುವ ಬದಲಾವಣೆಗಳ ಗುಂಪು) ಸಂಖ್ಯೆ. ಎಕ್ಸ್‌ಮ್ಯಾಕ್ಸ್ ಅದನ್ನು ಕೊನೆಗಾಣಿಸಿದ ಟ್ರಾನ್ಸಾಕ್ಷನ್‌ನದು. ಸಿಟಿಐಡಿ ಎಂಬುದು ಎಷ್ಟನೆಯ ಪುಟದ ಎಷ್ಟನೆಯ ಜಾಗ ಎಂಬ ವಿಳಾಸ. ಹೊಸ ಟೇಬಲ್‌ಗೆ ಒಂದೇ ಸಾಲು ಸೇರಿಸಿ ಸಿಟಿಐಡಿ ಕೇಳಿ: ಸೊನ್ನೆಯ ಪುಟ, 1ನೆಯ ಜಾಗ. ಅಪ್‌ಡೇಟ್ ಮಾಡಿ ಮತ್ತೆ ಕೇಳಿ: ಅದೇ ಪುಟ, 2ನೆಯ ಜಾಗ. ಸಾಲು ಜಾಗ ಬದಲಿಸಿತು. ಹಳೆಯದು 1ರಲ್ಲಿಯೇ ಕುಳಿತಿದೆ.

ಪ್ರತಿ ಕ್ವೆರಿಯೂ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಶುರುವಾಗುವಾಗ, ಯಾವ ಟ್ರಾನ್ಸಾಕ್ಷನ್‌ಗಳು ಮುಗಿದಿವೆ, ಯಾವುವು ಇನ್ನೂ ನಡೆಯುತ್ತಿವೆ ಎಂಬ ಚಿತ್ರವೊಂದನ್ನು ಹಿಡಿದುಕೊಳ್ಳುತ್ತದೆ. ಅದರ ಆಧಾರದಲ್ಲಿ ಪ್ರತಿ ಆವೃತ್ತಿಯೂ ತನಗೆ ಕಾಣಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರು ಓದುವವರನ್ನು ತಡೆಯುವುದಿಲ್ಲ. ಒರಾಕಲ್‌ನಲ್ಲಿಯೂ ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲಿಯೂ ಇದೇ ಅನುಕೂಲವಿದೆ, ಆದರೆ ಅವು ಹಳೆಯ ಆವೃತ್ತಿಯನ್ನು ಅನ್‌ಡು ಎಂಬ ಬೇರೆ ಜಾಗಕ್ಕೆ ಸಾಗಿಸುತ್ತವೆ. ಪೋಸ್ಟ್‌ಗ್ರೆಸ್ ಟೇಬಲ್‌ನೊಳಗೇ ಬಿಡುತ್ತದೆ.

ಅರ್ಧ ಟೇಬಲ್ ಅಳಿಸಿದೆ. ಡಿಸ್ಕ್‌ನಲ್ಲಿ ಒಂದು ಎಂಬಿಯೂ ಖಾಲಿಯಾಗಲಿಲ್ಲ, ಏಕೆ?

ಡಿಲೀಟ್ ಕೂಡ ಸಾಲನ್ನು ತೆಗೆಯುವುದಿಲ್ಲ, ‘ಇದು ಮುಗಿಯಿತು’ ಎಂದು ಗುರುತು ಹಾಕುತ್ತದೆ ಅಷ್ಟೆ. ಆ ಸಾಲು ಇನ್ನು ಯಾರಿಗೂ ಕಾಣಬೇಕಾಗಿಲ್ಲ ಎಂದು ಖಚಿತವಾದ ಮೇಲೆ ವ್ಯಾಕ್ಯೂಮ್ ಬಂದು ಜಾಗವನ್ನು ಮರುಬಳಕೆಗೆ ತೆರವು ಮಾಡುತ್ತದೆ. ಫೈಲ್ ಮಾತ್ರ ಸಾಮಾನ್ಯವಾಗಿ ಕುಗ್ಗುವುದಿಲ್ಲ. ತುದಿಯ ಪುಟಗಳು ಪೂರ್ತಿ ಖಾಲಿಯಾಗಿದ್ದರೆ ಅಷ್ಟನ್ನು ಕತ್ತರಿಸುತ್ತದೆ. ಮುಂದೆ ಬರುವ ಹೊಸ ಸಾಲುಗಳು ಆ ತೆರವಾದ ಜಾಗದಲ್ಲೇ ಕೂರುವುದರಿಂದ ಹೆಚ್ಚಿನ ವೇಳೆ ಇದು ಸಮಸ್ಯೆಯೇ ಅಲ್ಲ.

ಜಾಗ ನಿಜವಾಗಿಯೂ ಬೇಕಿದ್ದರೆ ವ್ಯಾಕ್ಯೂಮ್ ಫುಲ್ ಇದೆ. ಅದು ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತದೆ, ಮುಗಿಯುವವರೆಗೆ ಸೆಲೆಕ್ಟ್ ಕೂಡ ನಡೆಯುವುದಿಲ್ಲ. ಹಗಲು ಹೊತ್ತಿನಲ್ಲಿ ಕೈಹಾಕಬೇಡಿ.

ಆಟೊವ್ಯಾಕ್ಯೂಮ್ ಯಾವಾಗ ಬರುತ್ತದೆ ಎಂಬ ಲೆಕ್ಕವೂ ತಿಳಿದಿರಲಿ: ಸತ್ತ ಸಾಲುಗಳು ಟೇಬಲ್‌ನ ಶೇಕಡಾ 20, ಮತ್ತೆ 50 ಸಾಲು ದಾಟಿದಾಗ. ಸಾವಿರ ಸಾಲಿನ ಟೇಬಲ್‌ಗೆ ಇದು ಸರಿ. 10 ಕೋಟಿ ಸಾಲಿನ ಟೇಬಲ್‌ನಲ್ಲಿ ಎರಡು ಕೋಟಿ ಸಾಲು ಸಾಯುವವರೆಗೆ ಕಾಯುತ್ತದೆ. ದೊಡ್ಡ ಟೇಬಲ್‌ಗಳಿಗೆ ಈ ಪ್ರಮಾಣವನ್ನು ಪ್ರತ್ಯೇಕವಾಗಿ ಇಳಿಸಿ. ‘ಆಟೊವ್ಯಾಕ್ಯೂಮ್ ಸರ್ವರ್ ನಿಧಾನ ಮಾಡುತ್ತಿದೆ, ನಿಲ್ಲಿಸಿದೆ’ ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಗಾಬರಿಯಾಗುತ್ತದೆ. ಪರಿಹಾರ ಅದನ್ನು ಇನ್ನೂ ಹೆಚ್ಚು ಬಾರಿ ಓಡಿಸುವುದು; ಆಗ ಪ್ರತಿ ಬಾರಿಯ ಕೆಲಸ ಚಿಕ್ಕದಾಗುತ್ತದೆ.

ಒಂದೇ ಖಾತೆಯಿಂದ ಇಬ್ಬರು ಒಟ್ಟಿಗೆ ಹಣ ತೆಗೆದರೆ ಲೆಕ್ಕ ತಪ್ಪುವುದಿಲ್ಲವೆ?

ಕೋಡ್ ಹೇಗೆ ಬರೆದಿದ್ದೀರಿ ಎಂಬುದರ ಮೇಲಿದೆ. ‘ಬಾಕಿಯಿಂದ 500 ಕಳೆ’ ಎಂದು ಒಂದೇ ಅಪ್‌ಡೇಟ್‌ನಲ್ಲಿ ಹೇಳಿದ್ದರೆ ಎರಡನೆಯವರು ಮೊದಲನೆಯವರಿಗಾಗಿ ಕಾದು, ಹೊಸ ಬಾಕಿಯಿಂದಲೇ ಕಳೆಯುತ್ತಾರೆ. ಆದರೆ ಆಪ್ ಮೊದಲು ಬಾಕಿ ಓದಿ, 2000 ಎಂದು ತಿಳಿದು, ತಾನೇ ಲೆಕ್ಕ ಹಾಕಿ ‘1500 ಎಂದು ಬರೆ’ ಎಂದರೆ ಇಬ್ಬರೂ 1500 ಬರೆಯುತ್ತಾರೆ. ಒಬ್ಬರು ತೆಗೆದ ಹಣ ಲೆಕ್ಕಕ್ಕೇ ಬರುವುದಿಲ್ಲ. ಟ್ರಾನ್ಸಾಕ್ಷನ್‌ಗಳನ್ನು ಒಂದರಿಂದೊಂದು ಎಷ್ಟು ಬೇರೆಯಾಗಿಡಬೇಕು ಎಂಬುದಕ್ಕೆ ಹಂತಗಳಿವೆ; ಆರಂಭಿಕ ಹಂತವಾದ ರೀಡ್ ಕಮಿಟೆಡ್ ಇದನ್ನು ತಡೆಯುವುದಿಲ್ಲ. ಓದುವಾಗಲೇ ಸೆಲೆಕ್ಟ್ ಫಾರ್ ಅಪ್‌ಡೇಟ್ ಎಂದು ಸಾಲನ್ನು ಹಿಡಿದುಕೊಳ್ಳಿ, ಇಲ್ಲವೆ ಸೀರಿಯಲೈಜಬಲ್ ಹಂತ ಬಳಸಿ. 2011ರ 9.1 ಆವೃತ್ತಿಯಿಂದ ಈ ಹಂತ ಹೆಸರಿಗೆ ತಕ್ಕಂತೆ ಕೆಲಸ ಮಾಡುತ್ತದೆ: ಅಪಾಯ ಕಂಡರೆ ಒಂದು ಟ್ರಾನ್ಸಾಕ್ಷನನ್ನು ರದ್ದು ಮಾಡುತ್ತದೆ. ರದ್ದಾದದ್ದನ್ನು ಮತ್ತೆ ಪ್ರಯತ್ನಿಸುವ ಕೋಡ್ ನಿಮ್ಮದು.

## ವೇಗದ ಪ್ರಶ್ನೆಗಳು

ಇಂಡೆಕ್ಸ್ ಹಾಕಿದ್ದೇನೆ, ಆದರೂ ಪೋಸ್ಟ್‌ಗ್ರೆಸ್ ಅದನ್ನು ಮುಟ್ಟುತ್ತಲೇ ಇಲ್ಲ. ಏನು ತಪ್ಪು?

ಎಷ್ಟೋ ಸಲ ತಪ್ಪೇನೂ ಇರುವುದಿಲ್ಲ. ಇಂಡೆಕ್ಸ್ ಹಿಡಿದು ಹೋಗುವುದೆಂದರೆ ಪುಟದಿಂದ ಪುಟಕ್ಕೆ ನೆಗೆಯುವುದು. ಸಾಲಾಗಿ ಒಂದು ಪುಟ ಓದುವ ಖರ್ಚು 1 ಎಂದಿಟ್ಟುಕೊಂಡರೆ, ನೆಗೆದು ಓದುವ ಖರ್ಚನ್ನು ಪ್ಲಾನರ್ (ಕ್ವೆರಿಗೆ ದಾರಿ ಆರಿಸುವ ಭಾಗ) ಆರಂಭದಲ್ಲಿ 4 ಎಂದು ಹಿಡಿಯುತ್ತದೆ. ಟೇಬಲ್‌ನ ಅರ್ಧದಷ್ಟು ಸಾಲು ಬೇಕಿದ್ದರೆ ಮೊದಲಿನಿಂದ ಕೊನೆಯವರೆಗೆ ಓದುವುದೇ ಅಗ್ಗ. ಎಸ್‌ಎಸ್‌ಡಿ ಡಿಸ್ಕ್ ಇದ್ದವರು ಆ 4 ಅನ್ನು 1.1ರ ಹತ್ತಿರ ಇಳಿಸುವುದುಂಟು.

ನಿಜವಾದ ತಪ್ಪುಗಳೂ ಇವೆ. ಇಂಡೆಕ್ಸ್ ಇರುವುದು ಹೆಸರಿನ ಮೇಲೆ, ಹುಡುಕುವುದು ಲೋವರ್ ಫಂಕ್ಷನ್‌ಗೆ ಹಾಕಿದ ಹೆಸರನ್ನು; ಹಾಗಾದರೆ ಆ ಫಂಕ್ಷನ್ ಮೇಲೆಯೇ ಇಂಡೆಕ್ಸ್ ಕಟ್ಟಬೇಕು. ಪದದ ಮಧ್ಯದ ಭಾಗವನ್ನು ಲೈಕ್‌ನಿಂದ ಹುಡುಕಿದರೆ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್ ನೆರವಿಗೆ ಬರುವುದಿಲ್ಲ. ಅಂಕಿಅಂಶ ಹಳತಾಗಿದ್ದರೂ ಪ್ಲಾನರ್ ದಾರಿ ತಪ್ಪುತ್ತದೆ. ಅದು ಆರಂಭಿಕ ಸೆಟ್ಟಿಂಗ್‌ನಲ್ಲಿ ಪ್ರತಿ ಟೇಬಲ್‌ನಿಂದ 30,000 ಸಾಲುಗಳ ಮಾದರಿ ತೆಗೆದು ಅಂದಾಜು ಕಟ್ಟುತ್ತದೆ. ದೊಡ್ಡ ಪ್ರಮಾಣದಲ್ಲಿ ದತ್ತಾಂಶ ತುಂಬಿದ ಮೇಲೆ ಅನಲೈಜ್ ಓಡಿಸಿ.

ಊಹಿಸುವ ಬದಲು, ಕ್ವೆರಿ ಹಿಡಿದ ದಾರಿಯನ್ನು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಬಳಸಿ. ಅದರಲ್ಲಿ ನಾನು ಮೊದಲು ನೋಡುವುದು ಸಮಯವನ್ನಲ್ಲ, ಅಂದಾಜಿನ ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ಇರುವ ವ್ಯತ್ಯಾಸವನ್ನು. 10 ಎಂದುಕೊಂಡದ್ದು 4 ಲಕ್ಷವಾಗಿದ್ದರೆ ರೋಗ ಅಲ್ಲಿದೆ. ನೆನಪಿಡಿ, ಇದು ಕ್ವೆರಿಯನ್ನು ನಿಜವಾಗಿಯೂ ನಡೆಸುತ್ತದೆ. ಡಿಲೀಟ್‌ನ ಮುಂದೆ ಹಾಕಿದರೆ ಸಾಲುಗಳು ಹೋಗುತ್ತವೆ. ಬಿಗಿನ್ (ಟ್ರಾನ್ಸಾಕ್ಷನ್ ಶುರು) ಮತ್ತು ರೋಲ್‌ಬ್ಯಾಕ್ (ಮಾಡಿದ್ದೆಲ್ಲ ರದ್ದು) ನಡುವೆ ಇಟ್ಟು ನಡೆಸಿ.

ಕನೆಕ್ಷನ್ ಮಿತಿ ಮುಗಿಯಿತು ಎಂದು ದೋಷ ಬರುತ್ತಿದೆ. 100 ಇರುವುದನ್ನು 2000 ಮಾಡಲೆ?

ಬೇಡ. ಪ್ರತಿ ಕನೆಕ್ಷನ್ ಒಂದು ಪೂರ್ತಿ ಪ್ರೊಸೆಸ್. ಜೊತೆಗೆ ವರ್ಕ್ ಮೆಮ್ ಎಂಬ 4 ಎಂಬಿ ಮೆಮೊರಿ ಮಿತಿ ಕನೆಕ್ಷನ್‌ಗೆ ಒಂದಲ್ಲ, ಕ್ವೆರಿಯೊಳಗಿನ ಪ್ರತಿ ವಿಂಗಡಣೆಗೂ ಒಂದೊಂದು. ಅದನ್ನೂ ಏರಿಸಿದ್ದರೆ ಮೆಮೊರಿ ಯಾವಾಗ ಮುಗಿಯಿತೆಂದೇ ತಿಳಿಯುವುದಿಲ್ಲ. ಎಂಟು ಕೋರ್‌ಗಳ ಯಂತ್ರ ಒಮ್ಮೆಗೆ ಎರಡು ಸಾವಿರ ಕ್ವೆರಿ ನಡೆಸಲಾರದು. ನಡುವೆ ಪಿಜಿಬೌನ್ಸರ್‌ನಂಥ ಪೂಲರ್ ಇಡಿ. ಸಾವಿರಾರು ಆಪ್ ಕನೆಕ್ಷನ್‌ಗಳನ್ನು ಅದು ಕೆಲವೇ ಹತ್ತು ನಿಜವಾದ ಕನೆಕ್ಷನ್‌ಗಳಲ್ಲಿ ನಿಭಾಯಿಸುತ್ತದೆ.

## ಮುಂದಿನ ಹಂತ

ನಮಗೆ ರೆಪ್ಲಿಕಾ (ಮುಖ್ಯ ಸರ್ವರಿನ ನಕಲು) ಇದೆ. ಬ್ಯಾಕಪ್ ಬೇರೆ ಬೇಕೆ?

ಬೇಕೇ ಬೇಕು. ಸ್ಟ್ರೀಮಿಂಗ್ ರೆಪ್ಲಿಕೇಶನ್ ಮಾಡುವುದು ಅದೇ ಲಾಗನ್ನು ಇನ್ನೊಂದು ಯಂತ್ರಕ್ಕೆ ಕಳಿಸುವ ಕೆಲಸ. ಇಲ್ಲಿ ಯಾರಾದರೂ ತಪ್ಪಿ ಟೇಬಲ್ ಡ್ರಾಪ್ ಮಾಡಿದರೆ ಆ ಸಂಗತಿಯೂ ಲಾಗ್‌ನಲ್ಲಿ ಹೋಗಿ ಅಲ್ಲಿಯೂ ಟೇಬಲ್ ಮಾಯವಾಗುತ್ತದೆ.

2017ರ ಜನವರಿ 31ರಂದು, ಪ್ರೋಗ್ರಾಂಗಳ ಕೋಡ್ ಇಡುವ ಸೇವೆ ನೀಡುವ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ಆ ಕಂಪನಿಯೇ ಎಲ್ಲರಿಗೂ ತಿಳಿಯುವಂತೆ ಬರೆದು ಪ್ರಕಟಿಸಿತು. ಅಂಥ ಪ್ರಾಮಾಣಿಕತೆ ಅಪರೂಪ. ಕೆಟ್ಟುನಿಂತ ರೆಪ್ಲಿಕಾ ಸರಿಪಡಿಸಲು ಹೊರಟ ಎಂಜಿನಿಯರ್ ಮುಖ್ಯ ಸರ್ವರಿನ ದತ್ತಾಂಶದ ಫೋಲ್ಡರನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅದೂ ಇಲ್ಲ: ಡೇಟಾಬೇಸ್ 9.6 ಆವೃತ್ತಿಯಲ್ಲಿತ್ತು, ಬ್ಯಾಕಪ್ ತೆಗೆಯುವ ಪಿಜಿಡಂಪ್ 9.2ರದ್ದು ಓಡುತ್ತಿತ್ತು, ಪ್ರತಿದಿನವೂ ಅದು ವಿಫಲವಾಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ. ಆರು ಗಂಟೆ ಮುಂಚೆ ಬೇರೊಂದು ಕಾರಣಕ್ಕೆ ತೆಗೆದಿದ್ದ ಡಿಸ್ಕ್ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು.

ಒಂದು ಪೂರ್ಣ ಪ್ರತಿ ತೆಗೆದು, ಅಲ್ಲಿಂದ ಮುಂದಿನ ಲಾಗ್ ಫೈಲ್‌ಗಳನ್ನೆಲ್ಲ ಬೇರೆ ಜಾಗಕ್ಕೆ ಕಳಿಸುತ್ತಿದ್ದರೆ ‘ಮಧ್ಯಾಹ್ನ 2 ಗಂಟೆ 14 ನಿಮಿಷದ ಸ್ಥಿತಿಗೆ ಹೋಗು’ ಎಂದು ಹೇಳಬಹುದು. ಡ್ರಾಪ್ ಆದದ್ದು 2.15ಕ್ಕಾದರೆ ನೀವು ಬಚಾವ್. ತಿಂಗಳಿಗೊಮ್ಮೆಯಾದರೂ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ನಿಜವಾಗಿಯೂ ಎಬ್ಬಿಸಿ ನೋಡಿ.

ಟ್ರಾನ್ಸಾಕ್ಷನ್ ಸಂಖ್ಯೆಗಳು ಮುಗಿದುಹೋಗಿ ಡೇಟಾಬೇಸ್ ನಿಲ್ಲುತ್ತದಂತೆ, ಹೌದೆ?

ಆಗಬಹುದು, ಆದರೆ ಬಹಳ ದಿನಗಳ ನಿರ್ಲಕ್ಷ್ಯವಿಲ್ಲದೆ ಆಗದು. ಎಕ್ಸ್‌ಮಿನ್‌ನಲ್ಲಿ ಬರೆಯುವ ಸಂಖ್ಯೆ 32 ಬಿಟ್‌ಗಳದ್ದು, ಸುಮಾರು 429 ಕೋಟಿಗೆ ಮುಗಿದು ಮತ್ತೆ ಮೊದಲಿಗೆ ಬರುತ್ತದೆ. ವರ್ತುಲದಂತಿರುವ ಈ ಎಣಿಕೆಯಲ್ಲಿ ಅರ್ಧ ಹಿಂದಿನದು, ಅರ್ಧ ಮುಂದಿನದು. 214 ಕೋಟಿಗಿಂತ ಹಳೆಯ ಸಾಲು ಹಾಗೆಯೇ ಉಳಿದರೆ ‘ಭವಿಷ್ಯದ್ದು’ ಎಂದಾಗಿ ಕಣ್ಮರೆಯಾಗುತ್ತದೆ. ಹಾಗಾಗದಂತೆ ವ್ಯಾಕ್ಯೂಮ್ ಹಳೆಯ ಸಾಲುಗಳಿಗೆ ‘ಇದು ಎಲ್ಲರಿಗೂ ಎಂದಿಗೂ ಹಳೆಯದೇ’ ಎಂಬ ಮುದ್ರೆ ಒತ್ತುತ್ತದೆ. ಟೇಬಲ್‌ನ ಅತಿ ಹಳೆಯ ಸಾಲಿನ ವಯಸ್ಸು 20 ಕೋಟಿ ಟ್ರಾನ್ಸಾಕ್ಷನ್ ದಾಟಿದರೆ, ಆಟೊವ್ಯಾಕ್ಯೂಮ್ ಆಫ್ ಮಾಡಿದ್ದರೂ ಈ ಕೆಲಸ ಬಲವಂತವಾಗಿ ಶುರುವಾಗುತ್ತದೆ. ಅದು ನಡೆಯುತ್ತಿರುವುದನ್ನು ಕಂಡು ಕೊಲ್ಲಬೇಡಿ. ಕೊನೆಗೂ ಸಾಗದಿದ್ದರೆ, ಈಚಿನ ಆವೃತ್ತಿಗಳಲ್ಲಿ 30 ಲಕ್ಷ ಸಂಖ್ಯೆ ಉಳಿದಿರುವಾಗ ಪೋಸ್ಟ್‌ಗ್ರೆಸ್ ಹೊಸ ಬರವಣಿಗೆಯನ್ನು ನಿಲ್ಲಿಸಿಬಿಡುತ್ತದೆ. ದತ್ತಾಂಶ ಕಳೆಯುವುದಕ್ಕಿಂತ ನಿಲ್ಲುವುದೇ ಲೇಸು ಎಂಬ ಆ ತೀರ್ಮಾನ ಸರಿಯೆಂದೇ ನನ್ನ ಭಾವನೆ.

ಎಲ್ಲ ಸರಿಯಿದೆ, ಆದರೂ ವ್ಯಾಕ್ಯೂಮ್ ಸತ್ತ ಸಾಲುಗಳನ್ನು ತೆಗೆಯುತ್ತಿಲ್ಲ, ಟೇಬಲ್ ಊದುತ್ತಲೇ ಇದೆ. ಎಲ್ಲಿ ಹುಡುಕಲಿ?

ಯಾರೋ ಬಾಗಿಲು ತೆರೆದಿಟ್ಟು ಹೋಗಿದ್ದಾರೆ. ಬಿಗಿನ್ ಎಂದು, ಒಂದು ಸಾಲು ಬದಲಿಸಿ, ಕಮಿಟ್ ಮಾಡದೆ ಮಾತಿಲ್ಲದೆ ಕುಳಿತ ಕನೆಕ್ಷನ್ ಒಂದಿದ್ದರೂ ಸಾಕು. ಅದರ ನಂತರ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ಮುಟ್ಟಲಾರದು. ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ಎಂಬ ವ್ಯೂ ತೆರೆದು, ಸ್ಥಿತಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದಿರುವವನ್ನು ಶುರುವಾದ ಸಮಯದ ಕ್ರಮದಲ್ಲಿ ಜೋಡಿಸಿ. ಮೇಲ್ತುದಿಯಲ್ಲಿ ಬೆಳಗಿನಿಂದ ಕುಳಿತದ್ದೊಂದು ಸಿಕ್ಕರೆ ಅದೇ. ಅಲ್ಲಿ ಸಿಗದಿದ್ದರೆ ಇನ್ನೆರಡು ಕಡೆ ನೋಡಿ: ಯಾರೂ ಓದದೆ ಬಿಟ್ಟ ರೆಪ್ಲಿಕೇಶನ್ ಸ್ಲಾಟ್‌ಗಳು (ರೆಪ್ಲಿಕಾ ಲಾಗನ್ನು ಎಲ್ಲಿಯವರೆಗೆ ಓದಿದೆ ಎಂಬ ಗುರುತುಗಳು), ಮತ್ತು ಎರಡು ಹಂತದ ಕಮಿಟ್‌ನಲ್ಲಿ ‘ಸಿದ್ಧ’ ಎಂದು ಮರೆತುಹೋದ ಟ್ರಾನ್ಸಾಕ್ಷನ್‌ಗಳು. ಅನಾಥ ಸ್ಲಾಟ್ ಇನ್ನೊಂದು ಹಾನಿಯನ್ನೂ ಮಾಡುತ್ತದೆ: ತನ್ನ ಪಾಲಿನ ಲಾಗ್ ಫೈಲ್‌ಗಳನ್ನು ಅಳಿಸಲು ಬಿಡದೆ ಡಿಸ್ಕನ್ನೇ ತುಂಬಿಸುತ್ತದೆ. ಕುಳಿತ ಕನೆಕ್ಷನ್‌ಗಳನ್ನು ತಾನಾಗಿ ಕಡಿಯುವ ಕಾಲಮಿತಿಯ ಸೆಟ್ಟಿಂಗ್ 9.6ರಿಂದ ಇದೆ, ಆರಂಭದಲ್ಲಿ ಅದು ಆಫ್ ಆಗಿರುತ್ತದೆ. ನಿಮ್ಮ ಆಪ್‌ನ ಅತಿ ಉದ್ದದ ಟ್ರಾನ್ಸಾಕ್ಷನ್ ಎಷ್ಟು ಹೊತ್ತು ನಡೆಯುತ್ತದೆ ಎಂದು ಅಳೆದುಕೊಂಡು, ಅದಕ್ಕೆ ಸ್ವಲ್ಪ ಹೆಚ್ಚಾಗಿ ಇಟ್ಟು ಆನ್ ಮಾಡಿ.